ಹಿಮಗೋಡೆಯ ಮುಂದೆ ಒಂದು ಗಂಟೆ

ಅಲಾಸ್ಕಾದ ಗ್ಲೇಷಿಯರ್ ಬೇ ನೋಡಲು ಹೋಗುವವರಲ್ಲಿ ಹತ್ತಕ್ಕೆ ಒಂಬತ್ತಕ್ಕೂ ಹೆಚ್ಚು ಮಂದಿ ಅಲ್ಲಿಯ ನೆಲಕ್ಕೆ ಕಾಲಿಡುವುದೇ ಇಲ್ಲ. ಅವರು ಬರುವುದು ದೊಡ್ಡ ವಿಹಾರ ನೌಕೆಗಳಲ್ಲಿ. ಬೆಳಿಗ್ಗೆ ಹಡಗು ಕೊಲ್ಲಿಯ ಬಾಯಿಂದ ಒಳಕ್ಕೆ ಬರುತ್ತದೆ. ಎರಡೂ ಕಡೆ ಬೆಟ್ಟಗಳ ನಡುವೆ ನೂರು ಕಿಲೋಮೀಟರಿನಷ್ಟು ದೂರ ಸಾಗಿ, ಮಾರ್ಜರಿ ಎಂಬ ಹಿಮನದಿಯ ಎದುರು ಸುಮಾರು ಒಂದು ಗಂಟೆ ನಿಲ್ಲುತ್ತದೆ. ಸಂಜೆಯ ಹೊತ್ತಿಗೆ ಬಂದ ದಾರಿಯಲ್ಲೇ ಹೊರಬೀಳುತ್ತದೆ. ಆ ಒಂದು ಗಂಟೆ ಪ್ರಯಾಣಿಕರೆಲ್ಲ ಬೇಸಿಗೆಯಲ್ಲೂ ಉಣ್ಣೆಯ ಟೋಪಿ, ದಪ್ಪ ಕೋಟು ತೊಟ್ಟು ಡೆಕ್ಕಿನ ಕಂಬಿಗೆ ಒರಗಿ ನಿಂತಿರುತ್ತಾರೆ. ಎದುರಿಗೆ ನೀರಿನ ಮೇಲೆ 250 ಅಡಿ ಎತ್ತರದ, ಒಂದು ಮೈಲಿ ಅಗಲದ ನೀಲಿಬಿಳಿ ಗೋಡೆ. ಮೌನದ ನಡುವೆ ಎಲ್ಲೋ ಗುಡುಗಿದಂತೆ ಸದ್ದಾಗುತ್ತದೆ. ಮನೆಯಷ್ಟು ದೊಡ್ಡ ಹಿಮದ ತುಂಡೊಂದು ಕಳಚಿ ಸಮುದ್ರಕ್ಕೆ ಬೀಳುತ್ತದೆ.

ಇದನ್ನು ಕಂಡವರು ಸಾಮಾನ್ಯವಾಗಿ ಎರಡು ಮಾತು ಹೇಳುತ್ತಾರೆ. ಒಂದು, ಇದು ಮನುಷ್ಯನ ಕೈ ಸೋಕದ ಜಾಗ. ಇನ್ನೊಂದು, ಸೃಷ್ಟಿಯ ಆದಿಯಲ್ಲಿ ಹೇಗಿತ್ತೋ ಹಾಗೆಯೇ ಉಳಿದ ಜಾಗ. ಎರಡೂ ನಿಜವಲ್ಲ. ಹಡಗು ನಿಲ್ಲುವ ಆ ನೀರು ಇನ್ನೂರಮೂವತ್ತು ವರ್ಷಗಳ ಹಿಂದೆ ನೀರೇ ಆಗಿರಲಿಲ್ಲ. ಅದಕ್ಕೂ ಹಿಂದೆ, ಈಗ ಹಡಗು ಒಳಬರುವ ಕೊಲ್ಲಿಯ ಬಾಯಲ್ಲಿ ಊರುಗಳಿದ್ದವು. ಅಲ್ಲಿಗೆ ಮೊದಲ ಪ್ರವಾಸಿ ಹಡಗು ಬಂದು 140 ವರ್ಷಗಳ ಮೇಲಾಯಿತು. ಆ ಹಡಗುಗಳ ಜನ ಏನನ್ನು ಕಂಡರು, ಏನನ್ನು ಕಾಣಲಿಲ್ಲ ಎಂಬುದರಲ್ಲಿ ಒಂದು ನಾಡಿನ ಚರಿತ್ರೆಯೇ ಅಡಗಿದೆ.

ನಕ್ಷೆಯಲ್ಲಿಲ್ಲದ ಕೊಲ್ಲಿ

ಮೊದಲು ಹಿಮನದಿಯ ಬಗ್ಗೆ ಒಂದಿಷ್ಟು. ಎತ್ತರದ ಬೆಟ್ಟಗಳಲ್ಲಿ ವರ್ಷ ವರ್ಷವೂ ಕರಗುವುದಕ್ಕಿಂತ ಹೆಚ್ಚು ಹಿಮ ಬಿದ್ದರೆ ಅದು ಪದರ ಪದರವಾಗಿ ಒತ್ತಿಕೊಂಡು ಗಟ್ಟಿ ಮಂಜುಗಡ್ಡೆಯಾಗುತ್ತದೆ. ತನ್ನ ಭಾರಕ್ಕೆ ತಾನೇ ಜಾರುತ್ತ ಕಣಿವೆಯಲ್ಲಿ ಇಳಿಯತೊಡಗುತ್ತದೆ. ನದಿಯಂತೆ ಹರಿಯುವುದರಿಂದಲೇ ಅದು ಹಿಮನದಿ. ಆದರೆ ಆ ಹರಿವು ಕಣ್ಣಿಗೆ ಕಾಣದಷ್ಟು ನಿಧಾನ. ಒತ್ತಡದಲ್ಲಿ ಗಾಳಿಯ ಗುಳ್ಳೆಗಳು ಹಿಂಡಿಹೋಗಿರುವ ಗಟ್ಟಿ ಹಿಮ ಬೆಳಕಿನ ಕೆಂಪು ಅಂಶವನ್ನು ನುಂಗಿ ನೀಲಿಯನ್ನು ಹೊರಬಿಡುತ್ತದೆ. ಪ್ರಯಾಣಿಕರನ್ನು ಬೆರಗುಗೊಳಿಸುವ ನೀಲಿ ಬಣ್ಣದ ಗುಟ್ಟು ಇಷ್ಟೇ. ಸಮುದ್ರದವರೆಗೆ ಬಂದು ಮುಟ್ಟುವ ಹಿಮನದಿಯ ಬುಡವನ್ನು ಉಪ್ಪುನೀರು ಕೊರೆಯುತ್ತದೆ. ಆಗ ಮುಂಭಾಗ ತುಂಡು ತುಂಡಾಗಿ ಕಳಚಿ ಬೀಳುತ್ತದೆ.

1794ರಲ್ಲಿ ಬ್ರಿಟನ್ನಿನ ಕ್ಯಾಪ್ಟನ್ ಜಾರ್ಜ್ ವ್ಯಾಂಕೋವರನ ನೌಕಾದಳ ಈ ತೀರದ ನಕ್ಷೆ ಬರೆಯುತ್ತ ಬಂತು. ಈಗ ಗ್ಲೇಷಿಯರ್ ಬೇ ಇರುವಲ್ಲಿ ಅವರು ಕಂಡದ್ದು ಐದು ಮೈಲಿಯ ಒಂದು ಸಣ್ಣ ತಗ್ಗು, ಅದರ ಹಿಂದೆ ದಿಗಂತದವರೆಗೆ ಹಬ್ಬಿದ ಹಿಮ. ಆ ಹಿಮರಾಶಿ ಕೆಲವೆಡೆ ನಾಲ್ಕು ಸಾವಿರ ಅಡಿಗೂ ಹೆಚ್ಚು ದಪ್ಪವಾಗಿತ್ತು.

ಇದಾದ 85 ವರ್ಷಗಳ ಮೇಲೆ, 1879ರ ಅಕ್ಟೋಬರಿನಲ್ಲಿ, ಸ್ಕಾಟ್‌ಲೆಂಡಿನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ್ದ ಪ್ರಕೃತಿಪ್ರೇಮಿ ಜಾನ್ ಮ್ಯೂರ್ ಅಲ್ಲಿಗೆ ಬಂದ. ಜೊತೆಗೆ ಹಾಲ್ ಯಂಗ್ ಎಂಬ ಪಾದ್ರಿ. ದೋಣಿ ಹುಟ್ಟುಹಾಕಿದವರು ಟ್ಲಿಂಗಿಟ್ ಜನ. ಅವರು ಈ ಕರಾವಳಿಯ ಮೂಲ ನಿವಾಸಿಗಳು. ಅವರ ಮುಂದಾಳು ಟೊಯಾಟೆ ಎಂಬ ಹಿರಿಯ. ಮ್ಯೂರನ ಕೈಯಲ್ಲಿದ್ದ ವ್ಯಾಂಕೋವರನ ನಕ್ಷೆ ಇಲ್ಲಿಗೆ ಬಂದಾಗ ನಿರುಪಯೋಗಿಯಾಯಿತು. ನಕ್ಷೆಯಲ್ಲಿ ಹಿಮವಿದ್ದ ಕಡೆ ಈಗ ಅಲೆಗಳಿದ್ದವು. ಹಿಮ 30 ಮೈಲಿಗೂ ಹೆಚ್ಚು ಹಿಂದೆ ಸರಿದು ಹೊಸದೊಂದು ಕೊಲ್ಲಿಯೇ ಹುಟ್ಟಿಕೊಂಡಿತ್ತು.

ನಕ್ಷೆಗೆ ಗೊತ್ತಿಲ್ಲದ್ದು ದೋಣಿಯವರಿಗೆ ಗೊತ್ತಿತ್ತು. ಸಿಟ್ಕಾ ಚಾರ್ಲಿ ಎಂಬ ಯುವಕ ತಾನು ಹುಡುಗನಾಗಿದ್ದಾಗ ಅಲ್ಲಿಗೆ ಸೀಲ್ ಬೇಟೆಗೆ ಹೋಗಿದ್ದಾಗಿ ಹೇಳಿದ. ಅಲ್ಲಿ ಉರಿಸಲು ಕಡ್ಡಿಯೂ ಸಿಗದು, ಒಣ ಸೌದೆ ದೋಣಿಯಲ್ಲೇ ಒಯ್ಯಬೇಕು ಎಂದೂ ಎಚ್ಚರಿಸಿದ. ಹೂನಾ ಎಂಬ ಟ್ಲಿಂಗಿಟ್ ಪಂಗಡದ ಒಬ್ಬ ಬೇಟೆಗಾರನನ್ನು ದಾರಿ ತೋರಲು ಕರೆದುಕೊಂಡರು. ಹೀಗೆ ಇತರರು ತೋರಿಸಿದ ಜಾಗಕ್ಕೆ ಹೋಗಿಬಂದ ಮ್ಯೂರ್ ಸ್ಯಾನ್‌ಫ್ರಾನ್ಸಿಸ್ಕೋದ ಪತ್ರಿಕೆಗೆ ಬರೆದ ಲೇಖನಗಳಿಂದ ಹೊರಜಗತ್ತಿಗೆ ಗ್ಲೇಷಿಯರ್ ಬೇ ಪರಿಚಯವಾಯಿತು. ‘ಕಂಡುಹಿಡಿದ’ ಕೀರ್ತಿಯೂ ಅವನಿಗೇ ಸಂದಿತು.

ಟಪಾಲು ಹಡಗಿನ ಪ್ರವಾಸಿಗರು

ರಷ್ಯಾದಿಂದ ಅಮೆರಿಕ ಅಲಾಸ್ಕಾವನ್ನು ಕೊಂಡದ್ದು 1867ರಲ್ಲಿ, 72 ಲಕ್ಷ ಡಾಲರಿಗೆ. ಅಲ್ಲಿಯ ಸಣ್ಣ ಬಂದರುಗಳಿಗೆ ಟಪಾಲು, ದಿನಸಿ ಒಯ್ಯಲು ಪೆಸಿಫಿಕ್ ಕೋಸ್ಟ್ ಕಂಪನಿಯ ಉಗಿಹಡಗುಗಳು ಹೋಗಿಬರುತ್ತಿದ್ದವು. ಹಡಗಿನಲ್ಲಿ ಖಾಲಿ ಕೋಣೆಗಳಿರುತ್ತಿದ್ದವು. ಅವನ್ನು ಬೇಸಿಗೆಯಲ್ಲಿ ನೋಟಕ್ಕಾಗಿ ಬರುವವರಿಗೆ ಕೊಟ್ಟರೆ ಲಾಭ ಎಂಬುದು ಕಂಪನಿಗೆ ಹೊಳೆಯಿತು. ಇಂದಿನ ಬೃಹತ್ ವಿಹಾರ ಉದ್ಯಮದ ಮೂಲ ಇಷ್ಟು ಸರಳವಾದದ್ದು.

1883ರ ಜುಲೈನಲ್ಲಿ ಕ್ಯಾಪ್ಟನ್ ಜೇಮ್ಸ್ ಕ್ಯಾರಲ್ ತನ್ನ ‘ಐಡಹೋ’ ಹಡಗನ್ನು ಎಂದಿನ ದಾರಿಯಿಂದ ತಿರುಗಿಸಿ ಗ್ಲೇಷಿಯರ್ ಬೇಗೆ ನುಗ್ಗಿಸಿದ. ಪ್ರವಾಸಿಗರನ್ನು ಹೊತ್ತು ಆ ಕೊಲ್ಲಿಗೆ ಬಂದ ಮೊದಲ ಉಗಿಹಡಗು ಅದು. ಪ್ರಯಾಣಿಕರು ಸಣ್ಣ ದೋಣಿಗಳಲ್ಲಿ ದಡಕ್ಕಿಳಿದು ಹಿಮನದಿಯ ಪಕ್ಕದ ದಿಬ್ಬ ಹತ್ತಿದರು. ಆ ಹಿಮನದಿಗೆ ಮ್ಯೂರನ ಹೆಸರೇ ನಿಂತಿತು.

ಆ ಪ್ರಯಾಣಿಕರಲ್ಲಿ ಎಲೈಜಾ ಸಿಡ್‌ಮೋರ್ ಎಂಬ 26 ವರ್ಷದ ಪತ್ರಕರ್ತೆ ಇದ್ದಳು. ಹೆಂಗಸರು ಒಬ್ಬಂಟಿಯಾಗಿ ದೂರ ಪ್ರಯಾಣ ಮಾಡುವುದೇ ಅಪರೂಪವಾಗಿದ್ದ ಕಾಲವದು. ಅವಳು ಪತ್ರಿಕೆಗಳಿಗೆ ಬರೆದ ಪತ್ರಗಳು 1885ರಲ್ಲಿ ಪುಸ್ತಕವಾಗಿ ಬಂದವು. ಅಲಾಸ್ಕಾ ಪ್ರವಾಸಕ್ಕೆ ಅದು ಕೈಪಿಡಿಯಂತಾಯಿತು. ಮುಂದೆ ಅವಳು ನ್ಯಾಷನಲ್ ಜಿಯಾಗ್ರಫಿಕ್ ಸೊಸೈಟಿಯ ಆಡಳಿತ ಮಂಡಳಿ ಸೇರಿದ ಮೊದಲ ಮಹಿಳೆಯಾದಳು. 1912ರಲ್ಲಿ ವಾಷಿಂಗ್ಟನ್ನಿನಲ್ಲಿ ಜಪಾನಿನ ಚೆರಿ ಮರಗಳನ್ನು ನೆಡಿಸಲು ಕಾರಣಳಾದವಳೂ ಅವಳೇ. ಭಾರತಕ್ಕೂ ಬಂದು ‘ವಿಂಟರ್ ಇಂಡಿಯಾ’ ಎಂಬ ಪ್ರವಾಸ ಗ್ರಂಥವನ್ನು 1903ರಲ್ಲಿ ಪ್ರಕಟಿಸಿದಳು. ಗ್ಲೇಷಿಯರ್ ಬೇಯ ಒಂದು ಹಿಮನದಿಗೆ ಅವಳ ಹೆಸರಿದೆ.

ಅದೇ 1883ರ ಸೆಪ್ಟೆಂಬರಿನಲ್ಲಿ ನಾರ್ದರ್ನ್ ಪೆಸಿಫಿಕ್ ರೈಲು ದಾರಿ ಪೂರ್ಣಗೊಂಡಿತು. ಪೂರ್ವದ ನಗರಗಳ ಹಣವಂತರು ಈಗ ರೈಲಿನಲ್ಲಿ ಪಶ್ಚಿಮ ತೀರಕ್ಕೆ ಬಂದು, ಅಲ್ಲಿಂದ ಹಡಗು ಹತ್ತಬಹುದಿತ್ತು. ಸಮುದ್ರಯಾನವೆಂದರೆ ವಾಂತಿ, ತಲೆಸುತ್ತು ಎಂದು ಹೆದರುವವರಿಗೂ ಇಲ್ಲಿ ಅಭಯವಿತ್ತು. ಈ ಕರಾವಳಿಯುದ್ದಕ್ಕೂ ಸಾವಿರಕ್ಕೂ ಹೆಚ್ಚು ದ್ವೀಪಗಳು ಸಾಲುಗಟ್ಟಿವೆ. ಅವುಗಳ ಮರೆಯಲ್ಲಿ ಹಡಗು ಕೆರೆಯ ಮೇಲೆ ತೇಲಿದಂತೆ ಸಾಗುತ್ತದೆ. ‘ಇನ್‌ಸೈಡ್ ಪ್ಯಾಸೇಜ್’ ಅಂದರೆ ಒಳದಾರಿ ಎಂದು ಅದಕ್ಕೆ ಹೆಸರು. ಜೂನ್, ಜುಲೈನಲ್ಲಿ ರಾತ್ರಿ ಹತ್ತರ ಸುಮಾರಿಗೂ ಬೆಳಕಿರುತ್ತದೆ. ಮಳೆ, ಮಂಜು, ಕಡು ಹಸಿರಿನ ಕಾಡು, ಆಗಾಗ ತಿಮಿಂಗಿಲದ ಬಾಲ: ಇವೆಲ್ಲ ಕುರ್ಚಿಯಲ್ಲಿ ಕುಳಿತೇ ನೋಡಬಹುದಾದ ನೋಟಗಳು. 1880ರ ದಶಕ ಮುಗಿಯುವ ಹೊತ್ತಿಗೆ ವರ್ಷಕ್ಕೆ ಸಾವಿರಗಟ್ಟಲೆ ಜನ ಬರತೊಡಗಿದ್ದರು.

ಬಂದರುಗಳಲ್ಲಿ ಹಡಗು ನಿಂತಾಗ ಟ್ಲಿಂಗಿಟ್ ಹೆಂಗಸರು ಕಟ್ಟೆಯ ಮೇಲೆ ಸಾಲಾಗಿ ಕುಳಿತಿರುತ್ತಿದ್ದರು. ಮರದ ಬೇರಿನ ನಾರಿನಿಂದ ಹೆಣೆದ ಬುಟ್ಟಿ, ಬೆಳ್ಳಿ ನಾಣ್ಯ ಬಡಿದು ಮಾಡಿದ ಬಳೆ, ಕೆತ್ತಿದ ಮರದ ಚಮಚಗಳನ್ನು ಮಾರುತ್ತಿದ್ದರು. ಚೌಕಾಸಿಯಲ್ಲಿ ಅವರು ಸೋಲುವವರಲ್ಲ ಎಂದು ಪ್ರವಾಸಿಗರು ಗೊಣಗಿದ್ದುಂಟು. ಆದರೆ ಆ ವ್ಯಾಪಾರದ ಹಿಂದಿನ ಬದುಕು ಹಡಗಿನಿಂದ ಕಾಣುವಂಥದ್ದಾಗಿರಲಿಲ್ಲ.

ಐಡಹೋ ಬರುವುದಕ್ಕೆ ಒಂಬತ್ತು ತಿಂಗಳ ಹಿಂದೆ, 1882ರ ಅಕ್ಟೋಬರಿನಲ್ಲಿ, ಇದೇ ದ್ವೀಪಗಳ ನಡುವಿನ ಆಂಗೂನ್ ಎಂಬ ಟ್ಲಿಂಗಿಟ್ ಊರಿನ ಮೇಲೆ ಅಮೆರಿಕದ ನೌಕಾಪಡೆ ಫಿರಂಗಿ ಹಾರಿಸಿತ್ತು. ಒಂದು ಕಂಪನಿಯ ತಿಮಿಂಗಿಲ ಬೇಟೆಯ ದೋಣಿಯಲ್ಲಿ ಸ್ಫೋಟವಾಗಿ ಟ್ಲಿಂಗಿಟ್ ಹಿರಿಯರೊಬ್ಬರು ಸತ್ತಿದ್ದರು. ಊರವರು ತಮ್ಮ ಪದ್ಧತಿಯಂತೆ 200 ಕಂಬಳಿಗಳ ಪರಿಹಾರ ಕೇಳಿದ್ದರು. ನೌಕಾಪಡೆ ಅದನ್ನು ದಂಗೆಯೆಂದು ಬಗೆದು, ಊರವರೇ 400 ಕಂಬಳಿ ದಂಡ ತೆರಬೇಕೆಂದು ಆಜ್ಞೆ ಮಾಡಿತು. ಆಮೇಲೆ ಮನೆಗಳನ್ನೂ ಚಳಿಗಾಲಕ್ಕೆ ಕೂಡಿಟ್ಟ ಆಹಾರವನ್ನೂ ದೋಣಿಗಳನ್ನೂ ಸುಟ್ಟಿತು. ಆರು ಮಕ್ಕಳು ಸತ್ತರು. ನೌಕಾಪಡೆ ಇದಕ್ಕೆ ವಿಧಿವತ್ತಾಗಿ ಕ್ಷಮೆ ಕೇಳಿದ್ದು 2024ರ ಅಕ್ಟೋಬರಿನಲ್ಲಿ, 142 ವರ್ಷಗಳ ನಂತರ. ನೋಟ ಸವಿಯುವ ಹಡಗುಗಳು ನಿಶ್ಚಿಂತೆಯಿಂದ ಸಾಗಿದ ಆ ನೀರು ಇಂಥದು.

ಹಿಮದ ಮೇಲೊಂದು ಮಾಯಾನಗರ

1890ರ ಹೊತ್ತಿಗೆ ಮ್ಯೂರ್ ಹಿಮನದಿ ಅಲಾಸ್ಕಾ ಪ್ರವಾಸದ ಮುಕುಟವಾಗಿತ್ತು. ನೀರಿನ ಮೇಲೆ ಇನ್ನೂರು ಅಡಿಗೂ ಎತ್ತರ, ಒಂದು ಮೈಲಿಗೂ ಹೆಚ್ಚು ಅಗಲ. ‘ಕ್ವೀನ್’ ಎಂಬ ದೊಡ್ಡ ಹಡಗು ಒಂದೊಂದು ಬಾರಿಗೆ ಇನ್ನೂರಕ್ಕೂ ಹೆಚ್ಚು ಜನರನ್ನು ತರುತ್ತಿತ್ತು. ಕೆಸರು, ಕಲ್ಲುಗುಂಡುಗಳ ಮೇಲೆ ನಡೆಯಲು ಕಷ್ಟವೆಂದು ಕ್ಯಾಪ್ಟನ್ ಕ್ಯಾರಲ್ ಹಲಗೆಯ ಕಾಲುದಾರಿಯನ್ನೇ ಹಾಕಿಸಿದ. ಉದ್ದ ಲಂಗದ ಹೆಂಗಸರೂ ಟೋಪಿಯ ಗಂಡಸರೂ ಊರುಗೋಲು ಹಿಡಿದು ಹಿಮದ ಮೇಲೆ ಓಡಾಡಿ ಬರುತ್ತಿದ್ದರು. ಕೊಡಕ್ ಕ್ಯಾಮೆರಾ ಮಾರುಕಟ್ಟೆಗೆ ಬಂದದ್ದು 1888ರಲ್ಲಿ. ಎರಡೇ ವರ್ಷದಲ್ಲಿ ಅದು ಇಲ್ಲಿಗೂ ತಲುಪಿತ್ತು. ಆ ಬೇಸಿಗೆ ಹಿಮನದಿಯ ಪಕ್ಕ ಗುಡಿಸಲು ಕಟ್ಟಿಕೊಂಡು ಅಧ್ಯಯನ ಮಾಡುತ್ತಿದ್ದ ಮ್ಯೂರ್, ರಿಬ್ಬನ್ನು, ಕ್ಯಾಮೆರಾಗಳ ಈ ಜಾತ್ರೆಯನ್ನು ತುಸು ತಮಾಷೆಯಿಂದಲೇ ತನ್ನ ದಿನಚರಿಯಲ್ಲಿ ಗುರುತಿಸಿಕೊಂಡಿದ್ದಾನೆ. ಅವರೆಲ್ಲರನ್ನೂ ಅಲ್ಲಿಗೆ ಎಳೆದುತಂದದ್ದು ಅವನ ಬರಹವೇ.

ನೋಟಕ್ಕೆ ಬಂದವರಿಗೆ ನೋಟ ಮಾರುವವರೂ ಹುಟ್ಟಿಕೊಂಡರು. ರಿಚರ್ಡ್ ವಿಲೋಬಿ ಎಂಬ ಚಿನ್ನ ಹುಡುಕುವ ಆಸಾಮಿ 1880ರ ದಶಕದ ಕೊನೆಯಲ್ಲಿ ಒಂದು ಫೋಟೋ ಮಾರತೊಡಗಿದ. ಬೇಸಿಗೆಯ ಕೆಲವು ದಿನ ಮ್ಯೂರ್ ಹಿಮನದಿಯ ಮೇಲೆ ಆಕಾಶದಲ್ಲಿ ಒಂದು ನಗರ ಮೂಡುತ್ತದೆ, ಅದರ ಮನೆ, ಗೋಪುರ, ಮರಗಳನ್ನೆಲ್ಲ ತಾನು ಕ್ಯಾಮೆರಾದಲ್ಲಿ ಸೆರೆಹಿಡಿದಿದ್ದೇನೆ ಎಂದ. ‘ಮೌನನಗರ’ ಎಂದು ಅದಕ್ಕೆ ಹೆಸರಾಯಿತು. ಪ್ರವಾಸಿಗರು ಮುಗಿಬಿದ್ದು ಕೊಂಡರು. ಮಾಯಾನಗರ ಕಾಣಲೆಂದು ಡೆಕ್ಕಿನ ಮೇಲೆ ಕಾದು ನಿಂತರು. ಕೊನೆಗೆ ಬಯಲಾದದ್ದೇನೆಂದರೆ ಅದು ಇಂಗ್ಲೆಂಡಿನ ಬ್ರಿಸ್ಟಲ್ ನಗರದ ಮಾಮೂಲಿ ಫೋಟೋ.

ಇದನ್ನು ಕೇಳಿ ನಗು ಬರುತ್ತದೆ. ಆದರೆ ಹಿಮದ ಮೇಲೆ ಇಲ್ಲದ ನಗರವನ್ನು ಕಣ್ಣರಳಿಸಿ ಹುಡುಕಿದ ಅದೇ ಜನ, ಹಿಮದ ಕೆಳಗೆ ನಿಜವಾಗಿ ಇದ್ದ ಊರುಗಳ ಬಗ್ಗೆ ಕೇಳಲೇ ಇಲ್ಲ.

ಹಿಮದಡಿಯ ಊರು

ಹೂನಾ ಟ್ಲಿಂಗಿಟ್ ಜನರ ನೆನಪಿನಲ್ಲಿ ಆ ಕೊಲ್ಲಿಯ ಕೆಳಭಾಗ ಒಮ್ಮೆ ಬಯಲಾಗಿತ್ತು. ಹುಲ್ಲು, ಹೊಳೆ, ಸಾಲ್ಮನ್ ಮೀನುಗಳ ನಡುವೆ ಅವರ ಹಲವು ಕುಲಗಳ ಮನೆಗಳಿದ್ದವು. ಹಿಮನದಿ ಎಲ್ಲೋ ದೂರದ ಕಣಿವೆಯಲ್ಲಿತ್ತು. ಭೂಮಿಯ ಹವೆ ತಣ್ಣಗಾಗಿದ್ದ, ವಿಜ್ಞಾನಿಗಳು ‘ಕಿರು ಹಿಮಯುಗ’ ಎಂದು ಕರೆಯುವ ಶತಮಾನಗಳಲ್ಲಿ ಅದು ಮುಂದೊತ್ತಿ ಬಂತು. 1700ರ ದಶಕದ ಮಧ್ಯದ ಸುಮಾರಿಗೆ ಊರುಗಳನ್ನು ನುಂಗಿತು. ನಾಯಿ ಓಡಿದಷ್ಟು ವೇಗವಾಗಿ ಹಿಮ ಬಂತೆಂಬ ಮಾತು ಇಂದಿಗೂ ಅವರಲ್ಲಿ ಉಳಿದಿದೆ.

ಇದರ ಕಥೆಯೊಂದು ಅವರ ಚುಕನೆದಿ ಕುಲದವರ ಬಳಿ ಇದೆ. ಋತುಮತಿಯಾಗಿ ಒಳಕೋಣೆಯಲ್ಲಿ ಕೂತಿದ್ದ ಕಾಸ್ತೀನ್ ಎಂಬ ಹುಡುಗಿ ಬೇಸರಕ್ಕೆ, ನಾಯಿಯನ್ನು ಕರೆಯುವ ಹಾಗೆ ಹಿಮನದಿಯನ್ನು ಕರೆದಳಂತೆ. ಕರೆದದ್ದಕ್ಕೆ ಅದು ಬಂತು. ಊರವರು ದೋಣಿ ಹತ್ತಿದಾಗ ಮನೆ ಬಿಟ್ಟು ಬರಲೊಲ್ಲದೆ ಒಬ್ಬಳು ಅಲ್ಲೇ ಉಳಿದಳು. ಕಾಸ್ತೀನಳೇ ಉಳಿದಳೆಂದು ಕೆಲವರು ಹೇಳುತ್ತಾರೆ. ಮಕ್ಕಳನ್ನು ಹೆರಬೇಕಾದ ಹುಡುಗಿ ಬದುಕಲಿ ಎಂದು ಮುದುಕಿಯೊಬ್ಬಳು ಅವಳ ಬದಲು ಉಳಿದಳೆಂದು ಇನ್ನು ಕೆಲವರು ಹೇಳುತ್ತಾರೆ. ಟ್ಲಿಂಗಿಟ್ ಪದ್ಧತಿಯಲ್ಲಿ ಇಂಥ ಕಥೆ, ಹಾಡುಗಳು ಕುಲದ ಸ್ವತ್ತು. ಜಮೀನಿನ ಪತ್ರ ನಮ್ಮಲ್ಲಿ ಹೇಗೋ ಅಲ್ಲಿ ಕಥೆ ಹಾಗೆ. ಇದು ಯಾರ ಜಾಗ ಎಂಬುದಕ್ಕೆ ಅದೇ ದಾಖಲೆ.

ನೆಲೆ ತಪ್ಪಿದ ಜನ ಜಲಸಂಧಿ ದಾಟಿ ಎದುರು ದಡದಲ್ಲಿ ಊರು ಕಟ್ಟಿಕೊಂಡರು. ಆ ಹೂನಾ ಊರಿನ ಹೆಸರಿಗೆ ಬಡಗಾಳಿಯ ಮರೆ ಎಂಬ ಅರ್ಥವಿದೆ. ಹಿಮ ಸರಿಯತೊಡಗಿದಂತೆ ಅದರ ಬೆನ್ನಿಗೇ ಅವರ ದೋಣಿಗಳು ಕೊಲ್ಲಿಗೆ ಮರಳಿದವು. ಸೀಲ್ ಬೇಟೆ, ಮೀನು, ಕಾಡುಹಣ್ಣು, ಕಡಲಕ್ಕಿಯ ಮೊಟ್ಟೆ ಎಲ್ಲವೂ ಅಲ್ಲಿಂದಲೇ. ಮ್ಯೂರ್ ಅಲ್ಲಿ ಕಂಡ ಬೇಟೆಗಾರರು ತಮ್ಮ ಅಜ್ಜಂದಿರ ಜಾಗಕ್ಕೆ ಮರಳಿ ಬಂದವರು. ಪ್ರವಾಸಿಗರ ಬರಹಗಳಲ್ಲಿ ಮಾತ್ರ ಅವರು ಪ್ರಕೃತಿಯ ಚಿತ್ರದ ಮೂಲೆಯಲ್ಲಿ ನಿಂತ ಅಲಂಕಾರದ ಬೊಂಬೆಗಳಾದರು.

ಅಂದಿನ ವಿದ್ಯಾವಂತರೂ ಇದಕ್ಕೆ ಹೊರತಾಗಿರಲಿಲ್ಲ. ರೈಲ್ವೆ ದೊರೆ ಎಡ್ವರ್ಡ್ ಹ್ಯಾರಿಮನ್‌ಗೆ ವೈದ್ಯರು ವಿಶ್ರಾಂತಿ ಪಡೆಯಲು ಹೇಳಿದಾಗ, ಅವನು 1899ರಲ್ಲಿ ಒಂದು ಹಡಗನ್ನೇ ಸಜ್ಜುಗೊಳಿಸಿ, ಮ್ಯೂರನೂ ಸೇರಿದಂತೆ ದೇಶದ ಹೆಸರಾಂತ ವಿಜ್ಞಾನಿ, ಕಲಾವಿದರೊಡನೆ ಎರಡು ತಿಂಗಳು ಅಲಾಸ್ಕಾ ಸುತ್ತಿದ. ಈ ಯಾನದ ಫಲವಾಗಿ ಹದಿಮೂರು ಸಂಪುಟಗಳ ಗ್ರಂಥಮಾಲೆ ಹೊರಬಂತು. ಅದೇ ಯಾನದಲ್ಲಿ ಕೇಪ್ ಫಾಕ್ಸ್ ಎಂಬಲ್ಲಿ ಖಾಲಿಯಾಗಿ ಕಂಡ ಟ್ಲಿಂಗಿಟ್ ಊರೊಂದರಿಂದ ಕುಲಲಾಂಛನದ ಕೆತ್ತನೆಯ ಕಂಬಗಳನ್ನೂ ಇತರ ವಸ್ತುಗಳನ್ನೂ ಹೊತ್ತು ತಂದರು. ಬೀಗ ಹಾಕಿದ ಮನೆ ಯಾರದೂ ಅಲ್ಲ ಎಂದುಕೊಂಡಂತೆ. ಆ ವಸ್ತುಗಳು ವಾರಸುದಾರರಿಗೆ ಮರಳಿದ್ದು 2001ರಲ್ಲಿ.

ಭೂಕಂಪವೂ ಕಾಯ್ದೆಯೂ

1899ರ ಸೆಪ್ಟೆಂಬರ್ 10ರಂದು ವಾಯವ್ಯದ ಯಾಕುಟಾಟ್ ಕೊಲ್ಲಿಯಲ್ಲಿ ಭಾರಿ ಭೂಕಂಪವಾಯಿತು. ಮ್ಯೂರ್ ಹಿಮನದಿಯ ಮುಂಭಾಗ ಒಡೆದು ಚೂರಾಗಿ, ಕೊಲ್ಲಿಯ ತುಂಬ ಹಿಮದ ಬಂಡೆಗಳು ತೇಲಿದವು. ಹಡಗುಗಳು ಹತ್ತಿರ ಸುಳಿಯುವಂತಿರಲಿಲ್ಲ. ಹದಿನಾರು ವರ್ಷ ನಡೆದ ಜಾತ್ರೆ ನಿಂತೇಹೋಯಿತು. ಕಂಪನಿಗಳು ಪ್ರವಾಸಿಗರನ್ನು ಬೇರೆ ಹಿಮನದಿಗಳ ಕಡೆ ಒಯ್ದವು.

ಜನ ಬಾರದ ಆ ಕಾಲದಲ್ಲಿ ಬಂದವರು ಸಸ್ಯವಿಜ್ಞಾನಿಗಳು. ವಿಲಿಯಂ ಕೂಪರ್ ಎಂಬಾತ 1916ರಲ್ಲಿ ಇಲ್ಲಿ ಸಣ್ಣ ಸಣ್ಣ ಚೌಕಗಳನ್ನು ಗುರುತಿಸಿ, ಹಿಮ ಬಿಟ್ಟುಹೋದ ಬೋಳು ನೆಲದಲ್ಲಿ ಹಸಿರು ಹೇಗೆ ಬರುತ್ತದೆಂದು ಲೆಕ್ಕವಿಡತೊಡಗಿದ. ಮೊದಲು ಪಾಚಿ, ಆಮೇಲೆ ಕುರುಚಲು ಗಿಡ, ನಂತರ ಆಲ್ಡರ್ ಪೊದೆ, ಕೊನೆಗೆ ಸ್ಪ್ರೂಸ್ ಮರಗಳ ಕಾಡು. ಹಡಗಿನ ಪ್ರಯಾಣಿಕರು ಗಮನವಿಟ್ಟು ನೋಡಿದರೆ ಈ ಪಾಠ ಇಂದಿಗೂ ಕಾಣುತ್ತದೆ. ಕೊಲ್ಲಿಯ ಬಾಯಲ್ಲಿ ಎರಡು ಶತಮಾನದ ದಟ್ಟ ಕಾಡು, ಒಳಗೆ ಹೋದಂತೆ ಗಿಡಗಳು ಗಿಡ್ಡ, ಹಿಮನದಿಯ ಬಳಿ ಬರೀ ಬಂಡೆ. ಒಂದೇ ದಿನದಲ್ಲಿ ಇನ್ನೂರು ವರ್ಷ ಹಿಂದಕ್ಕೆ ಪಯಣಿಸಿದಂತೆ. ಹಿಮದ ಭಾರ ಇಳಿದ ಅಲ್ಲಿಯ ನೆಲವೂ ವರ್ಷಕ್ಕೆ ಸುಮಾರು ಒಂದು ಅಂಗುಲದಂತೆ ಮೇಲೇಳುತ್ತಿದೆ.

ಕೂಪರ್ ಮತ್ತು ಅವನ ಸಂಗಡಿಗರ ಪ್ರಯತ್ನದಿಂದ 1925ರಲ್ಲಿ ಗ್ಲೇಷಿಯರ್ ಬೇ ರಾಷ್ಟ್ರೀಯ ಸ್ಮಾರಕವಾಯಿತು. 1980ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಗಣಿಗಾರಿಕೆ, ಮರಕಡಿತದ ಬಾಯಿಂದ ಆ ಜಾಗ ಉಳಿದದ್ದು ದೊಡ್ಡ ಮಾತೇ. ಆದರೆ ಇದೇ ಕಾಯ್ದೆಯ ಬೇಲಿ ಹೂನಾ ಜನರನ್ನು ಎರಡನೇ ಸಲ ಹೊರಗಿಟ್ಟಿತು. ಬೇಟೆಗೆ ನಿರ್ಬಂಧ ಬಂತು. ಕಡಲಕ್ಕಿಯ ಮೊಟ್ಟೆ ಆರಿಸುವುದು ಅಪರಾಧವಾಯಿತು.

ಮೊಟ್ಟೆಯ ವಿಷಯದಲ್ಲಿ ಹೂನಾ ಜನರಿಗೆ ಅವರದೇ ಕಟ್ಟಳೆಯಿತ್ತು. ಗೂಡಿನಲ್ಲಿ ಒಂದೋ ಎರಡೋ ಮೊಟ್ಟೆ ಇದ್ದರೆ ತೆಗೆಯಬಹುದು, ಮೂರಿದ್ದರೆ ಮುಟ್ಟಬಾರದು. ಮೂರಾದರೆ ಹಕ್ಕಿ ಕಾವಿಗೆ ಕೂತಿದೆ ಎಂದರ್ಥ. ಮೊದಲೇ ತೆಗೆದರೆ ಅದು ಮತ್ತೆ ಇಡುತ್ತದೆ. ಈ ತಿಳಿವಳಿಕೆಯಲ್ಲಿ ಹುರುಳಿದೆಯೆಂದು ಮುಂದೆ ಸಂಶೋಧಕರೂ ಒಪ್ಪಿದರು. ಅಮೆರಿಕದ ಸಂಸತ್ತು 2014ರಲ್ಲಿ ಕಾನೂನು ಮಾಡಿ ಮಿತವಾಗಿ ಮೊಟ್ಟೆ ಆರಿಸಲು ಅವರಿಗೆ ದಾರಿ ತೆರೆಯಿತು. ಒಂದು ಬುಟ್ಟಿ ಮೊಟ್ಟೆಗಾಗಿ ಸಂಸತ್ತಿನವರೆಗೆ ಹೋಗಬೇಕಾಯಿತೇ ಎಂದು ಅನ್ನಿಸಬಹುದು. ಅಜ್ಜಿ ಮೊಮ್ಮಕ್ಕಳನ್ನು ದೋಣಿಯಲ್ಲಿ ಕೂರಿಸಿಕೊಂಡು ತಮ್ಮ ಜಾಗಕ್ಕೆ ಹೋಗುವ ನೆಪ ಅದು. ನೆಪ ತಪ್ಪಿದರೆ ನೆನಪೂ ತಪ್ಪುತ್ತದೆ.

ಇಂದಿನ ಹಡಗು

ಇಂದು ಬರುವ ಹಡಗುಗಳು ಐಡಹೋದ ಪಕ್ಕದಲ್ಲಿ ಬೆಟ್ಟಗಳಂತೆ. ಎರಡು ಸಾವಿರದಿಂದ ನಾಲ್ಕು ಸಾವಿರ ಪ್ರಯಾಣಿಕರು, ಒಳಗೇ ಈಜುಕೊಳ, ನಾಟಕಶಾಲೆ, ಊಟದ ಹತ್ತಾರು ಮನೆಗಳು. ಇವುಗಳಲ್ಲಿ ಬಹುಪಾಲು ವಿದೇಶಿ ಬಾವುಟದವು. ಇಂಥ ಹಡಗುಗಳು ಅಮೆರಿಕದ ಒಂದು ಬಂದರಿನಿಂದ ಇನ್ನೊಂದಕ್ಕೆ ನೇರವಾಗಿ ಪ್ರಯಾಣಿಕರನ್ನು ಒಯ್ಯಬಾರದೆಂಬ 1886ರ ಕಾಯ್ದೆ ಈಗಲೂ ಜಾರಿಯಲ್ಲಿದೆ. ಹಾಗಾಗಿ ಅಲಾಸ್ಕಾ ಯಾನ ಕೆನಡಾದ ವ್ಯಾಂಕೋವರಿನಿಂದ ಹೊರಡುತ್ತದೆ, ಇಲ್ಲವೇ ಸಿಯಾಟಲ್‌ನಿಂದ ಹೊರಟು ನಡುವೆ ಕೆನಡಾದ ಒಂದು ಬಂದರನ್ನು ಮುಟ್ಟಿಬರುತ್ತದೆ.

ಗ್ಲೇಷಿಯರ್ ಬೇಗೆ ದಿನಕ್ಕೆ ಎರಡೇ ದೊಡ್ಡ ಹಡಗುಗಳಿಗೆ ಪ್ರವೇಶ. ಸೀಲ್‌ಗಳು ಮರಿಹಾಕುವ ಜಾನ್ಸ್ ಹಾಪ್‌ಕಿನ್ಸ್ ಎಂಬ ಕವಲಿಗೆ ಮೇ ತಿಂಗಳಿಂದ ಆಗಸ್ಟ್‌ವರೆಗೆ ಅವು ಹೋಗುವಂತಿಲ್ಲ. ಉದ್ಯಾನದ ರೇಂಜರುಗಳು ಬೆಳಿಗ್ಗೆ ಸಣ್ಣ ದೋಣಿಯಲ್ಲಿ ಬಂದು, ಚಲಿಸುವ ಹಡಗಿನ ಏಣಿ ಹತ್ತಿ, ದಿನವಿಡೀ ವಿವರಣೆ ನೀಡಿ ಇಳಿದುಹೋಗುತ್ತಾರೆ.

ಹೊರಗಿನ ಊರುಗಳಲ್ಲಿ ಮಾತ್ರ ಇಷ್ಟು ಶಿಸ್ತಿಲ್ಲ. ಕೋವಿಡ್‌ನಿಂದಾಗಿ 2020ರಲ್ಲಿ ದೊಡ್ಡ ಹಡಗುಗಳೇ ಬರಲಿಲ್ಲ. ಆಗ ಬಂದರಿನ ಅಂಗಡಿಕಾರರು ಕಂಗಾಲಾದರು. 2023ರ ಹೊತ್ತಿಗೆ ರಾಜಧಾನಿ ಜೂನೋಗೆ ಹದಿನಾರು ಲಕ್ಷಕ್ಕೂ ಹೆಚ್ಚು ಹಡಗಿನ ಪ್ರಯಾಣಿಕರು ಬಂದರು. ಆ ಊರಿನ ಜನಸಂಖ್ಯೆ ಮೂವತ್ತೆರಡು ಸಾವಿರದ ಆಸುಪಾಸು. 2024ರಿಂದ ದಿನಕ್ಕೆ ಐದೇ ದೊಡ್ಡ ಹಡಗು ಎಂಬ ಒಪ್ಪಂದವಾಯಿತು. ಶನಿವಾರ ಹಡಗುಗಳೇ ಬೇಡ ಎಂಬ ಪ್ರಸ್ತಾಪ ಅದೇ ವರ್ಷ ಜನಮತಕ್ಕೆ ಹೋಗಿ ಸೋತಿತು. ಅತಿಥಿ ಬೇಕು, ಆದರೆ ಎಷ್ಟು ಬೇಕು ಎಂಬ ಪ್ರಶ್ನೆಗೆ ಉತ್ತರ ಸುಲಭವಲ್ಲ.

ಅತ್ತ ಪ್ರವಾಸಿಗರ ಮೊದಲ ಮೋಹವಾಗಿದ್ದ ಮ್ಯೂರ್ ಹಿಮನದಿ ಈಗ ಹಡಗಿನ ದಾರಿಯಲ್ಲೇ ಇಲ್ಲ. 1941ರಲ್ಲಿ ಒಂದು ಜಾಗದಿಂದ ತೆಗೆದ ಫೋಟೋವನ್ನೂ ಅದೇ ಜಾಗದಿಂದ 2004ರಲ್ಲಿ ತೆಗೆದ ಫೋಟೋವನ್ನೂ ಪಕ್ಕಪಕ್ಕ ಇಟ್ಟರೆ, ಮೊದಲಿನದರಲ್ಲಿ ಚೌಕಟ್ಟಿನ ತುಂಬ ಹಿಮ, ಎರಡನೆಯದರಲ್ಲಿ ನೀಲಿ ನೀರು, ಹಸಿರು ಬೆಟ್ಟ. ಅರವತ್ತಮೂರು ವರ್ಷದಲ್ಲಿ ಅದು 12 ಕಿಲೋಮೀಟರಿಗೂ ಹೆಚ್ಚು ಹಿಂದೆ ಸರಿದಿತ್ತು. 1990ರ ದಶಕದಲ್ಲೇ ಅದು ಸಮುದ್ರವನ್ನು ಮುಟ್ಟುವುದನ್ನು ಬಿಟ್ಟಿತು. ಒಂದು ಕಾಲಕ್ಕೆ ಇಡೀ ಕೊಲ್ಲಿಯನ್ನು ತುಂಬಿದ್ದ ಗ್ರ್ಯಾಂಡ್ ಪೆಸಿಫಿಕ್ ಹಿಮನದಿ ಮಾರ್ಜರಿಯ ಪಕ್ಕದಲ್ಲೇ ಇದೆ. ಅದು ಕಲ್ಲುಮಣ್ಣು ಹೊದ್ದು ಕಪ್ಪಾಗಿರುವುದರಿಂದ ಪ್ರಯಾಣಿಕರು ಅದಕ್ಕೆ ಬೆನ್ನು ತಿರುಗಿಸಿ ಬೆಳ್ಳಗಿರುವ ಮಾರ್ಜರಿಯ ಫೋಟೋ ತೆಗೆದುಕೊಳ್ಳುತ್ತಾರೆ.

ಇಷ್ಟೆಲ್ಲವೂ ಮನುಷ್ಯನ ತಪ್ಪೇ ಎಂದರೆ ಅವಸರವಾದೀತು. ವ್ಯಾಂಕೋವರನಿಂದ ಮ್ಯೂರನವರೆಗಿನ ಹಿಂಜರಿತ ಕಿರು ಹಿಮಯುಗ ಮುಗಿದದ್ದರ, ಆಳದ ನೀರಿಗೆ ಸರಿದ ಹಿಮನದಿ ಬೇಗ ಬೇಗ ಕಳಚುವುದರ ಫಲ. ಆದರೆ ಈಚಿನ ದಶಕಗಳಲ್ಲಿ ಅಲಾಸ್ಕಾದ ಉದ್ದಗಲಕ್ಕೂ ಹಿಮನದಿಗಳು ಸೊರಗುತ್ತಿರುವುದಕ್ಕೆ ಭೂಮಿಯ ತಾಪ ಏರುತ್ತಿರುವುದೇ ಮುಖ್ಯ ಕಾರಣವೆಂಬುದರಲ್ಲಿ ವಿಜ್ಞಾನಿಗಳಿಗೆ ಸಂಶಯವಿಲ್ಲ. ಹಿಮ ನೋಡಲು ಬರುವ ಹಡಗಿನ ಹೊಗೆಯೂ ಆ ಲೆಕ್ಕದಲ್ಲಿ ಸೇರುತ್ತದೆ.

ಮರಳಿ ಬಂದ ಮನೆ

2016ರ ಆಗಸ್ಟ್ 25ರಂದು ಕೊಲ್ಲಿಯ ಬಾಯಲ್ಲಿರುವ ಬಾರ್ಟ್‌ಲೆಟ್ ಕೋವ್ ಎಂಬಲ್ಲಿ ಹೂನಾ ಕುಲಗಳ ಮನೆಯೊಂದರ ಗೃಹಪ್ರವೇಶವಾಯಿತು. ಎದುರು ದಡದಿಂದ ಜನ ಮರದ ದೋಣಿಗಳಲ್ಲಿ ಹುಟ್ಟುಹಾಕುತ್ತ ಬಂದರು. ಹಿಮ ಊರನ್ನು ನುಂಗಿದ ಇನ್ನೂರೈವತ್ತಕ್ಕೂ ಹೆಚ್ಚು ವರ್ಷಗಳ ನಂತರ ಆ ನೆಲದಲ್ಲಿ ಎದ್ದ ಮೊದಲ ಕುಲಮನೆ ಅದು. ಕಟ್ಟಿಸುವುದರಲ್ಲಿ ಕೈಜೋಡಿಸಿದ್ದು, ಹಿಂದೆ ಅವರನ್ನು ಹೊರಗಿಟ್ಟಿದ್ದ ಅದೇ ಉದ್ಯಾನ ಇಲಾಖೆ.

ಹೂನಾ ಊರಿನಲ್ಲಿ 1912ರ ಹಳೆಯ ಮೀನು ಡಬ್ಬಿ ಕಾರ್ಖಾನೆಯನ್ನು ದುರಸ್ತಿ ಮಾಡಿ, ಅಲ್ಲಿಯ ಜನರದೇ ಸಂಸ್ಥೆಯೊಂದು 2004ರಲ್ಲಿ ಹಡಗುಗಳ ತಂಗುದಾಣ ತೆರೆಯಿತು. ಒಂದು ಸಾವಿರಕ್ಕಿಂತ ಕಡಿಮೆ ಜನರಿರುವ ಊರಿಗೆ ಒಂದೇ ದಿನ ಅದರ ಹಲವು ಪಟ್ಟು ಅತಿಥಿಗಳು ಬಂದಿಳಿಯುತ್ತಾರೆ. ಇದರಲ್ಲಿ ಲಾಭವೂ ಇದೆ, ಗದ್ದಲವೂ ಇದೆ. ಆದರೆ ಅಂದು ಕಟ್ಟೆಯ ಮೇಲೆ ಬುಟ್ಟಿ ಇಟ್ಟುಕೊಂಡು ಕಾಯುತ್ತಿದ್ದವರ ಮೊಮ್ಮಕ್ಕಳು ಇಂದು ಕಟ್ಟೆಯ ಒಡೆಯರು ಎಂಬುದು ಸಣ್ಣ ಬದಲಾವಣೆಯಲ್ಲ. ಗ್ಲೇಷಿಯರ್ ಬೇಗೆ ಹೋಗುವ ಕೆಲವು ಹಡಗುಗಳಲ್ಲಿ ರೇಂಜರುಗಳ ಜೊತೆ ಹೂನಾ ಜನರೂ ಹತ್ತಿ, ಪ್ರಯಾಣಿಕರಿಗೆ ತಮ್ಮ ನಾಡಿನ ಕಥೆಯನ್ನು ತಾವೇ ಹೇಳುತ್ತಾರೆ.

ಅವರು ಆ ಕೊಲ್ಲಿಗೆ ಇಟ್ಟಿರುವ ಹೆಸರಿನ ಅರ್ಥ ‘ಹಿಮನದಿ ಇದ್ದ ಜಾಗದ ಕೊಲ್ಲಿ’. ಇಂಗ್ಲಿಷಿನ ಹೆಸರು ಅಲ್ಲಿ ಹಿಮವಿದೆ ಎನ್ನುತ್ತದೆ. ಹೂನಾ ಹೆಸರು ಅಲ್ಲಿ ಹಿಮ ಇತ್ತು ಎನ್ನುತ್ತದೆ. ಇಂದು ಸಮುದ್ರ ಮುಟ್ಟುವ ಹಿಮನದಿಗಳು ಆ ಕೊಲ್ಲಿಯಲ್ಲಿ ಬೆರಳೆಣಿಕೆಯಷ್ಟು ಮಾತ್ರ ಉಳಿದಿವೆ. ಪ್ರತಿ ವರ್ಷವೂ ಹೂನಾ ಹೆಸರೇ ಹೆಚ್ಚು ನಿಜವಾಗುತ್ತ ಬರುತ್ತಿದೆ.